ಬುದ್ಧ ಎಡಚನಾಗಿದ್ದು ಹೇಗೆ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಉತ್ತರದ ಕೊನೆಗೆ ಸುಮ್ನೆ ಒಂದು ಸಾಲು ಬರೆದಿದ್ದೆ. ಜಪಾನಿನ ಒಸಾಮು ತೆಜುಕಾ ಅವರ ಮಾಂಗಾ (ಅಂದರೆ ಜಪಾನಿ ಕಾಮಿಕ್ಸ್) ಇಂಗ್ಲಿಷಿನಲ್ಲಿ ಸಿಗುತ್ತದೆ, ಕಣ್ಣಿಗೆ ಬಿದ್ದರೆ ಬಿಡಬೇಡಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಕಾಮಿಕ್ಸ್ ಓದದವರು ಮುಂದಿನ ತಿಂಗಳು ಬನ್ನಿ, ಬೇಜಾರಿಲ್ಲ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ದಿನವಿಡೀ ಮೊಬೈಲಿನಲ್ಲಿ ಅನಿಮೆ, ಅದೇ ಜಪಾನಿ ಕಾರ್ಟೂನ್, ನೋಡುತ್ತಾನೆ. ಕೈಗೆ ಪುಸ್ತಕ ಹಿಡಿಸೋಣ ಅಂತ ತೆಜುಕಾ ಹೆಸರು ಹುಡುಕಿದರೆ ಹತ್ತಾರು ಪುಸ್ತಕ ತೋರಿಸುತ್ತಿದೆ. ಯಾವುದರಿಂದ ಶುರು ಮಾಡಲಿ? (ಒಬ್ಬ ತಾಯಿ, ಮೈಸೂರು)

ಉತ್ತರ: ಹತ್ತಾರು ಅಲ್ಲ ಮೇಡಂ, ಆ ಮನುಷ್ಯ ಬರೆದಿದ್ದು ಸುಮಾರು 700 ಕೃತಿ, ಒಂದೂವರೆ ಲಕ್ಷ ಪುಟ. 1928ರಲ್ಲಿ ಹುಟ್ಟಿ 1989ರಲ್ಲಿ, 60ನೇ ವಯಸ್ಸಿಗೆ, ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಜಪಾನಿನಲ್ಲಿ ಅವರ ಸಮಗ್ರ ಸಂಪುಟ ಅಂತ ಬಂದಿರುವುದೇ 400 ಪುಸ್ತಕ. ಇಂಗ್ಲಿಷಿಗೆ ಬಂದಿರುವುದು ಅದರಲ್ಲಿ ಒಂದು ಪಾಲು ಮಾತ್ರ, ಆದರೆ ಆ ಪಾಲೇ ಒಂದು ಕಪಾಟು ತುಂಬುತ್ತದೆ.

ನಿಮ್ಮ ಮಗನಿಗೆ ‘ಬ್ಲ್ಯಾಕ್ ಜ್ಯಾಕ್’ ಕೊಡಿ. ಲೈಸೆನ್ಸ್ ಇಲ್ಲದ ಒಬ್ಬ ಸರ್ಜನ್, ಮುಖದ ತುಂಬ ಹೊಲಿಗೆ ಗುರುತು, ದುಡ್ಡು ಕೇಳಿದರೆ ಎದೆ ಒಡೆಯುವಷ್ಟು ಕೇಳುತ್ತಾನೆ. ಒಂದೊಂದು ಕತೆ ಸುಮಾರು 20 ಪುಟ, ಒಂದಕ್ಕೆ ಒಂದು ಸಂಬಂಧ ಬೇಕಾಗಿಲ್ಲ. ಊಟಕ್ಕೆ ಕರೆದಾಗ ನಿಲ್ಲಿಸಿ ಎದ್ದು ಬರಬಹುದು (ಬರುತ್ತಾನೆ ಅಂತ ಗ್ಯಾರಂಟಿ ಇಲ್ಲ). ನ್ಯೂಯಾರ್ಕಿನ ವರ್ಟಿಕಲ್ ಪ್ರಕಾಶನ 2008ರಿಂದ 2011ರ ನಡುವೆ 17 ಭಾಗಗಳಲ್ಲಿ ತಂದಿತು. ಆಪರೇಷನ್ ಚಿತ್ರಗಳಲ್ಲಿ ಕರುಳು, ರಕ್ತ ಎಲ್ಲ ಇದೆ, ಆದರೆ ಮೂಲದಲ್ಲಿ ಇದು ಹುಡುಗರ ವಾರಪತ್ರಿಕೆಗೆ ಬರೆದಿದ್ದೇ.

‘ಆಸ್ಟ್ರೋ ಬಾಯ್’ ಇನ್ನೂ ಚಿಕ್ಕವರಿಗೂ ಆಗುತ್ತದೆ, ಡಾರ್ಕ್ ಹಾರ್ಸ್ ಪ್ರಕಾಶನದವರು 2002ರಿಂದ 23 ಭಾಗ ತಂದರು. ‘ಓಡ್ ಟು ಕಿರಿಹಿತೊ’, ‘ಎಂ ಡಬ್ಲ್ಯೂ’, ‘ಅಯಾಕೊ’ ಈ ಮೂರನ್ನು ಮಾತ್ರ ಈಗಲೇ ಮನೆಗೆ ತರಬೇಡಿ. ತಂದರೆ ನೀವು ಓದಿ, ಅವನಿಗೆ ಸಿಗದ ಕಡೆ ಇಡಿ. ಕಾರ್ಟೂನಿನ ದುಂಡು ಮುಖ ನೋಡಿ ಮಕ್ಕಳ ಪುಸ್ತಕ ಅಂದುಕೊಂಡು ಮೋಸ ಹೋದವರಲ್ಲಿ ನಾನೂ ಒಬ್ಬ.

ಪ್ರಶ್ನೆ: ತೆಜುಕಾ ಅವರ ‘ಬುದ್ಧ’ ಮೂರು ಭಾಗ ಓದಿದೆ. ಅದರಲ್ಲಿ ಜನ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾರೆ, ಎಡಗೈಯಲ್ಲೇ ಉಣ್ಣುತ್ತಾರೆ. ಜಪಾನಿನವರಿಗೆ ನಮ್ಮ ಬಲಗೈ ಎಡಗೈ ಲೆಕ್ಕ ಗೊತ್ತಿಲ್ಲವಾ? ನಮ್ಮಜ್ಜಿ ನೋಡಿದ್ದರೆ ಪುಸ್ತಕ ಬಿಸಾಡುತ್ತಿದ್ದರು. (ಧಾರವಾಡ)

ಉತ್ತರ: ಅಜ್ಜಿಯ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ತೆಜುಕಾ ಮೇಲೆ ಬೇಡ. ನಿಮ್ಮ ಕೈಯಲ್ಲಿರುವುದು ಕನ್ನಡಿಯೊಳಗಿನ ಪುಸ್ತಕ.

ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ ಓದುವುದು. ನಮ್ಮ ಕೊನೇ ಪುಟ ಅವರ ಮೊದಲ ಪುಟ. ಒಂದು ಪುಟದಲ್ಲಿ ಆರು ಚೌಕ ಇದ್ದರೆ ಮೇಲಿನ ಬಲ ಮೂಲೆಯಿಂದ ಶುರು. ಇದನ್ನು ಇಂಗ್ಲಿಷ್ ಓದುಗರಿಗೆ ಕೊಡುವಾಗ ಹಳೇ ಪ್ರಕಾಶಕರು ಒಂದು ಸುಲಭದ ದಾರಿ ಹಿಡಿದರು. ಪುಟವನ್ನೇ ಮಗುಚಿ ಹಾಕಿದರು, ಕನ್ನಡಿಯಲ್ಲಿ ಕಂಡ ಹಾಗೆ. ಬೇಕಾದರೆ ನಿಮ್ಮ ಪುಸ್ತಕದ ಒಂದು ಹಾಳೆಯನ್ನು ಬಲ್ಬಿನ ಎದುರು ಹಿಡಿದು ಹಿಂದಿನಿಂದ ನೋಡಿ. ಮಾತಿನ ಅಕ್ಷರ ಎಡಬಲ ತಿರುಗಿ ಕಾಣುತ್ತದೆ, ಆದರೆ ಕತ್ತಿ ಬಲಗೈಗೆ ಬಂದಿರುತ್ತದೆ. ತೆಜುಕಾ ಬರೆದಿದ್ದು ಆ ಪುಟ.

ಇದರಿಂದ ಆಗುವ ಅವಾಂತರ ಎಡಗೈಗೇ ಮುಗಿಯುವುದಿಲ್ಲ. ಬೌದ್ಧ ಭಿಕ್ಷು ಚೀವರ ಹೊದ್ದಾಗ ಬಲ ಹೆಗಲು ಬರಿದಾಗಿರುವುದು ರೂಢಿ, ಮಗುಚಿದರೆ ಎಡ ಹೆಗಲು ಬರಿದಾಗುತ್ತದೆ. ಜಪಾನಿನ ಕಿಮೊನೊದಲ್ಲಿ ಉಟ್ಟವರ ಎಡ ಅಂಚು ಮೇಲೆ ಬರಬೇಕು, ಬಲ ಅಂಚು ಮೇಲೆ ಬರುವ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಅಂದರೆ ಮಗುಚಿದ ಪುಟದಲ್ಲಿ ನಗುತ್ತಾ ಚಹಾ ಕುಡಿಯುವವರೆಲ್ಲ ಹೆಣದ ಉಡುಗೆಯಲ್ಲಿ ಕೂತಿರುತ್ತಾರೆ. ಇನ್ನು ಸ್ವಸ್ತಿಕ. ಜಪಾನಿನಲ್ಲಿ ಬೌದ್ಧ ದೇವಸ್ಥಾನದ ಗುರುತಿಗೆ ಕೈಗಳು ಒಂದು ಕಡೆ ತಿರುಗಿರುತ್ತವೆ, ನಾಜಿ ಗುರುತಿಗೆ ಇನ್ನೊಂದು ಕಡೆ. ಹಿಟ್ಲರ್ ಬರುವ ‘ಅಡಾಲ್ಫ್’ ಥರದ ಕತೆಯನ್ನು ಕಣ್ಣುಮುಚ್ಚಿ ಮಗುಚಿದರೆ ನಾಜಿ ಬಾವುಟ ದೇವಸ್ಥಾನದ ಬಾವುಟ ಆಗಿಬಿಡುತ್ತದೆ! ಆ ಚೌಕಗಳನ್ನು ಒಂದೊಂದಾಗಿ ಕೂತು ಸರಿಮಾಡಬೇಕು. ಹೊಸ್ತಿಲ ಮೇಲೆ ಅದನ್ನೇ ರಂಗೋಲಿಯಲ್ಲಿ ಬಿಡಿಸುವ ನಮಗೆ ಈ ತಿರುವಿನ ಕಷ್ಟ ಬೇಗ ಅರ್ಥ ಆಗುತ್ತದೆ, ಅಲ್ವಾ?

2002ರ ಹೊತ್ತಿಗೆ ಟೋಕಿಯೋಪಾಪ್ ಅನ್ನುವ ಅಮೆರಿಕದ ಪ್ರಕಾಶನ ಮಗುಚುವುದನ್ನೇ ಬಿಟ್ಟು, ಜಪಾನಿನಲ್ಲಿ ಓದುವ ಹಾಗೇ ಓದಿ ಅಂತ ಮಾರಲು ಶುರುಮಾಡಿತು. ಹುಡುಗರು ಎರಡು ದಿನದಲ್ಲಿ ಕಲಿತರು. ತೆಜುಕಾ ವಿಷಯದಲ್ಲಿ ಮಾತ್ರ ಹಳೇ ಅಭ್ಯಾಸ ಇನ್ನೂ ಕೆಲವು ವರ್ಷ ಉಳಿಯಿತು. ‘ಬುದ್ಧ’, ‘ಕಿರಿಹಿತೊ’, ‘ಆಸ್ಟ್ರೋ ಬಾಯ್’, ‘ಫೀನಿಕ್ಸ್’ ಇವೆಲ್ಲ ಮಗುಚಿದವು. ವರ್ಟಿಕಲ್‌ನ ‘ಬ್ಲ್ಯಾಕ್ ಜ್ಯಾಕ್’, ‘ದೊರೊರೊ’ ಮೂಲದ ಹಾಗೇ ಬಲದಿಂದ ಎಡಕ್ಕೆ. ಅದೂ ಒಳ್ಳೆಯದಾಯಿತು ಅನ್ನಿ. ಸರ್ಜನ್ ಕತೆಯಲ್ಲಿ ಹೃದಯ ಬಲಗಡೆ ಇದ್ದರೆ ಹೇಗೆ?

ಒಂದು ಸಮಾಧಾನ ಹೇಳುತ್ತೇನೆ. ‘ಬುದ್ಧ’ ಮೊದಲ ಭಾಗದ ಶುರುವಿನಲ್ಲೇ ಹಿಮದಲ್ಲಿ ಬಿದ್ದ ಮುದುಕನ ಕತೆ ಬರುತ್ತದಲ್ಲ, ಕರಡಿ ಮೀನು ತರುತ್ತದೆ, ನರಿ ಹಣ್ಣು ತರುತ್ತದೆ, ಮೊಲಕ್ಕೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಚಂದ್ರನ ಮೇಲಿರುವ ಮೊಲ ಅಂತ ಅಜ್ಜಿಯರು ತೋರಿಸುತ್ತಾರಲ್ಲ, ಅದೇ ಮೊಲ. ಆ ಪುಟಗಳಲ್ಲಿ ಮಾತು ತೀರಾ ಕಮ್ಮಿ. ಮೊಲ ಬೆಂಕಿಯ ಕಡೆ ನೋಡುತ್ತದೆ, ಮುದುಕನ ಕಡೆ ನೋಡುತ್ತದೆ, ಹಾರುತ್ತದೆ. ಅನುವಾದಕರಿಗೆ ಅಲ್ಲಿ ಕೆಲಸವೇ ಇಲ್ಲ. ಮಗುಚಿದರೂ ಮೊಲ ಮೊಲವೇ. ಅಜ್ಜಿಗೆ ಆ ಪುಟ ತೋರಿಸಿ ಶುರುಮಾಡಬೇಕಿತ್ತು ನೀವು.

ಪ್ರಶ್ನೆ: ಅದೇ ‘ಬುದ್ಧ’ದ ಇಂಗ್ಲಿಷ್ ಅನುವಾದದಲ್ಲಿ ತತ್ತ ಅನ್ನುವ ಹುಡುಗನನ್ನು ‘ಪರಾಯ’ ಅಂತ ಕರೆದಿದ್ದಾರೆ. ಕಪಿಲವಸ್ತುವಿನಲ್ಲಿ ತಮಿಳು ಜಾತಿಯ ಹೆಸರು ಎಲ್ಲಿಂದ ಬಂತು? ಹೆಸರುಗಳೂ ಒಂದು ಪಾಳಿ, ಒಂದು ಸಂಸ್ಕೃತ. (ನಿವೃತ್ತ ಮೇಷ್ಟ್ರು, ಕೋಲಾರ)

ಉತ್ತರ: ಸರ್, ನಿಮ್ಮಂಥ ಓದುಗರು ಇರುವುದರಿಂದಲೇ ಈ ಅಂಕಣ ನಡೆಯುತ್ತಿದೆ. ಹೌದು, ತಮಿಳಿನ ಪರೈಯರ್ ಅನ್ನುವ ಹೆಸರು ಯುರೋಪಿನವರ ಬಾಯಿಗೆ ಬಿದ್ದು, ಹೊರಗಿಟ್ಟ ಮನುಷ್ಯ ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಉಳಿದುಕೊಂಡಿತು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತವರಿಗೆ ಅದು ಬರೀ ಒಂದು ಶಬ್ದ. ನಮಗೆ ಪಕ್ಕದ ಬೀದಿಯ ಜನ. ಒಂದು ಜನರ ಹೆಸರನ್ನು ಬೈಗುಳದ ಹಾಗೆ ಬಳಸಿದ ಶಬ್ದವನ್ನು ಇಲ್ಲಿ ಓದುವಾಗ ಮುಜುಗರ ಆಗಲೇಬೇಕು, ಆಗದಿದ್ದರೆ ಅದು ನಮ್ಮ ತೊಂದರೆ. ಮೂಲ ಕತೆಯ ಉದ್ದೇಶ ಮಾತ್ರ ಉಲ್ಟಾ. ಎಂಟು ಭಾಗದ ಈ ಕತೆ ಶುರುವಾಗುವುದೇ ದಾಸನಾಗಿ ಹುಟ್ಟಿದ ಚಪ್ರ, ಹೊರಗಿಟ್ಟವರ ಮಗು ತತ್ತ ಇವರಿಬ್ಬರಿಂದ. ಸಿದ್ಧಾರ್ಥ ಹುಟ್ಟುವ ಹೊತ್ತಿಗೆ ಮೊದಲ ಭಾಗ ಮುಗಿಯುತ್ತಾ ಬಂದಿರುತ್ತದೆ. ಈ ಇಬ್ಬರೂ ಯಾವ ಬೌದ್ಧ ಸೂತ್ರದಲ್ಲೂ ಇಲ್ಲ, ತೆಜುಕಾ ಕಟ್ಟಿದ ಪಾತ್ರಗಳು.

ಹೆಸರಿನ ಕಲಬೆರಕೆಯೂ ನಿಜ. ಸಂಪುಟಗಳ ಹೆಸರನ್ನೇ ನೋಡಿ. ಮೊದಲನೆಯದು ‘ಕಪಿಲವಸ್ತು’, ಸಂಸ್ಕೃತ. ನಾಲ್ಕನೆಯದರಲ್ಲಿ ‘ಉರುವೇಲ’, ಏಳನೆಯದರಲ್ಲಿ ‘ಅಜಾತಸತ್ತು’, ಎರಡೂ ಪಾಳಿ. ಜಪಾನಿ ಲಿಪಿಯಲ್ಲಿ ಬರೆದ ಭಾರತದ ಹೆಸರನ್ನು ಮತ್ತೆ ಭಾರತದ ರೂಪಕ್ಕೆ ತರುವುದು ಸುಲಭದ ಕೆಲಸ ಅಲ್ಲ. ಅವರಲ್ಲಿ ರ, ಲ ಎರಡಕ್ಕೂ ಒಂದೇ ಅಕ್ಷರ.

ನನಗೆ ಜಾಸ್ತಿ ಖುಷಿ ಕೊಟ್ಟ ಹೆಸರು ಬೇರೆ. ಕೋಸಲದ ರಾಜಕುಮಾರ ವಿಡೂಡಭ, ಬುದ್ಧನ ಕುಲದವರಾದ ಶಾಕ್ಯರ ಮೇಲೆ ಸೇಡು ತೀರಿಸಿಕೊಂಡವನು, ಇಂಗ್ಲಿಷ್ ಪುಸ್ತಕದಲ್ಲಿ ‘ಪ್ರಿನ್ಸ್ ಕ್ರಿಸ್ಟಲ್’ ಆಗಿದ್ದಾನೆ. ಓದಿ ನಗು ಬಂತು. ಯಾವುದೋ ಸೋಪಿನ ಜಾಹೀರಾತಿನ ಹೆಸರಿನ ಹಾಗಿದೆ. ಆಮೇಲೆ ಹುಡುಕಿದರೆ ಕತೆ ದೊಡ್ಡದು. ಜಪಾನಿನಲ್ಲಿ ಅವನಿಗೆ ಹಿಂದಿನಿಂದಲೂ ‘ರುರಿ’ ರಾಜ ಅಂತ ಹೆಸರು. ರುರಿ ಅಂದರೆ ನೀಲಿ ರತ್ನ. ಆ ಶಬ್ದ ಅಲ್ಲಿಗೆ ಹೋಗಿದ್ದು ಚೀನಾದಿಂದ, ಚೀನಾಕ್ಕೆ ಹೋಗಿದ್ದು ನಮ್ಮ ‘ವೈಡೂರ್ಯ’ದಿಂದ! ಇಂಗ್ಲಿಷಿನವರು ರುರಿಯ ಅರ್ಥ ನೋಡಿ ಸ್ಫಟಿಕ ಮಾಡಿದರು. ವೈಡೂರ್ಯ ಹೋಗಿ ರುರಿ ಆಗಿ, ರುರಿ ಹೋಗಿ ಕ್ರಿಸ್ಟಲ್ ಆಗಿ, ಮತ್ತೆ ನಮ್ಮ ಕೋಲಾರಕ್ಕೇ ಬಂತು ನೋಡಿ.

ಪ್ರಶ್ನೆ: ‘ಬುದ್ಧ’ ಅಮರ ಚಿತ್ರಕಥೆ ಥರವಾ? ಮನೆಯಲ್ಲಿ ಪೂಜೆ ಮಾಡುವವರಿದ್ದಾರೆ. (ತುಮಕೂರು)

ಉತ್ತರ: ಅಲ್ಲ. ಇಲ್ಲಿ ಭಕ್ತಿಯ ಪಕ್ಕದಲ್ಲೇ ತಮಾಷೆ ಇದೆ, ಅರೆಬೆತ್ತಲೆ ಜನ ಇದ್ದಾರೆ, ಗಂಭೀರ ಹೊತ್ತಿನಲ್ಲಿ ತೆಜುಕಾ ಅವರೇ ಬೆರೆಟ್ ಟೋಪಿ ಹಾಕಿಕೊಂಡು ಒಂದು ಚೌಕದಲ್ಲಿ ಇಣುಕಿ ಹೋಗುತ್ತಾರೆ. ಆದರೆ ಬುದ್ಧನನ್ನು ಹಗುರ ಮಾಡಿಲ್ಲ. ವರ್ಟಿಕಲ್‌ನ ಈ ಆವೃತ್ತಿಗೆ 2004 ಮತ್ತು 2005ರಲ್ಲಿ ಕಾಮಿಕ್ಸ್‌ಗೆ ಕೊಡುವ ಅಮೆರಿಕದ ಐಸ್ನರ್ ಪ್ರಶಸ್ತಿ ಬಂತು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಹಾರ್ಪರ್ ಕಾಲಿನ್ಸ್ ಮುದ್ರಣ, ಬೆಲೆಯೂ ಅಮೆರಿಕದ್ದಕ್ಕಿಂತ ಕಮ್ಮಿ ಇತ್ತು.

ಪ್ರಶ್ನೆ: ಮಾಂಗಾದ ಇಂಗ್ಲಿಷ್ ಅನುವಾದದಲ್ಲಿ ಮಾತು ಇಂಗ್ಲಿಷಿಗೆ ಬಂದಿರುತ್ತದೆ, ಚಿತ್ರದ ಒಳಗಿನ ಢಂ ಢುಂ ಮಾತ್ರ ಜಪಾನಿಯಲ್ಲೇ ಉಳಿದಿರುತ್ತದೆ. ಸೋಮಾರಿತನವಾ? (ಬೆಂಗಳೂರು)

ಉತ್ತರ: ಸ್ವಲ್ಪ ದುಡ್ಡಿನ ಲೆಕ್ಕ, ಜಾಸ್ತಿ ಇಕ್ಕಟ್ಟು. ಆ ಸದ್ದುಗಳನ್ನು ತೆಜುಕಾ ಕುಂಚದಿಂದ ಚಿತ್ರದ ಜೊತೆಗೇ ಬರೆದಿರುತ್ತಾರೆ. ಅಳಿಸಬೇಕೆಂದರೆ ಹಿಂದಿರುವ ಕಟ್ಟಡ, ಮಳೆ, ಕುದುರೆ ಎಲ್ಲವನ್ನೂ ಮತ್ತೆ ಬರೆಯಬೇಕು. ಕೆಲವರು ಹಾಗೇ ಮಾಡುತ್ತಾರೆ, ಕೆಲವರು ಪಕ್ಕದಲ್ಲಿ ಸಣ್ಣದಾಗಿ ಇಂಗ್ಲಿಷ್ ಬರೆಯುತ್ತಾರೆ, ಇನ್ನು ಕೆಲವರು ಓದುಗ ಜಾಣ, ಅರ್ಥ ಮಾಡಿಕೊಳ್ಳುತ್ತಾನೆ ಅಂತ ಬಿಟ್ಟುಬಿಡುತ್ತಾರೆ.

ಇಕ್ಕಟ್ಟು ಇರುವುದು ಭಾಷೆಯಲ್ಲಿ. ಜಪಾನಿಯಲ್ಲಿ ಸದ್ದಿಲ್ಲದ್ದಕ್ಕೂ ಸದ್ದಿನ ಮಾತಿದೆ. ಮಿಂಚುವುದು ‘ಪಿಕಾಪಿಕಾ’, ನಗುಮುಖ ‘ನಿಕೊನಿಕೊ’. ಮಿಂಚುವುದಕ್ಕೆ, ನಗುಮುಖಕ್ಕೆ ಸದ್ದೆಲ್ಲಿದೆ ಅಂತ ಇಂಗ್ಲಿಷಿನವರು ಕೇಳುತ್ತಾರೆ. ನಾವು ಕೇಳುವುದಿಲ್ಲ. ನಕ್ಷತ್ರ ಮಿಣಮಿಣ ಅನ್ನುತ್ತದೆ, ಪಾತ್ರೆ ಫಳಫಳ ಹೊಳೆಯುತ್ತದೆ, ಮಗು ಪಿಳಿಪಿಳಿ ಕಣ್ಣು ಬಿಡುತ್ತದೆ, ಒಗ್ಗರಣೆ ಗಮಗಮ ಅನ್ನುತ್ತದೆ. ಇದರಲ್ಲಿ ಯಾವುದಕ್ಕೂ ಕಿವಿ ಬೇಡ. ಮಾಂಗಾ ಅನುವಾದದ ಈ ಒಂದು ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಜಪಾನಿಗೆ ಹತ್ತಿರ ಅಂತ ನನ್ನ ಗಟ್ಟಿ ನಂಬಿಕೆ.

ಇದಕ್ಕೆಲ್ಲ ಕಿರೀಟ ‘ಶೀ…ನ್’. ಅದು ಮೌನದ ಸದ್ದು. ಖಾಲಿ ಕೋಣೆ, ಯಾರೂ ಇಲ್ಲ, ಗೋಡೆಯ ಮೇಲೆ ದೊಡ್ಡದಾಗಿ ‘ಶೀ…ನ್’ ಅಂತ ಬರೆದಿರುತ್ತದೆ. ಮಾಂಗಾದಲ್ಲಿ ಇದನ್ನು ಮೊದಲು ತಂದಿದ್ದು ತಾನೇ ಅಂತ ತೆಜುಕಾ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಅನುವಾದಕರು ಇದರ ಮುಂದೆ ಕೈಚೆಲ್ಲುತ್ತಾರೆ. ಮೌನ ಅಂತ ಬರೆದರೆ ಅದು ಬೋರ್ಡು ಹಾಕಿದ ಹಾಗಾಗುತ್ತದೆ, ಅಳಿಸಿದರೆ ಕೋಣೆ ಸುಮ್ನೆ ಖಾಲಿ ಆಗುತ್ತದೆ, ಆ ಖಾಲಿತನ ಕಿವಿಗೆ ಬಡಿಯುವುದಿಲ್ಲ. ನಮ್ಮಲ್ಲಿ ಏನಂತಾರೆ? ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ‘ಬಿಕೋ’ ಅನ್ನುತ್ತದೆ. ಅಷ್ಟೇ. ಗೋಡೆಯ ಮೇಲೆ ದೊಡ್ಡದಾಗಿ ‘ಬಿಕೋ…’ ಅಂತ ಬರೆದರೆ ಮುಗಿಯಿತು. ಮೊದಲ ಸಲ ಇದು ಹೊಳೆದ ದಿನ ನಾನು ಬಸ್ಸಿನಲ್ಲಿದ್ದೆ, ಒಬ್ಬನೇ ನಕ್ಕಿದ್ದಕ್ಕೆ ಪಕ್ಕದವರು ಸೀಟು ಬದಲಾಯಿಸಿದರು.

ಪ್ರಶ್ನೆ: ‘ಅಡಾಲ್ಫ್’, ‘ಮೆಸೇಜ್ ಟು ಅಡಾಲ್ಫ್’ ಎರಡೂ ಕಾಣಿಸುತ್ತಿದೆ. ಒಂದೇ ಪುಸ್ತಕವಾ? (ಮಂಗಳೂರು)

ಉತ್ತರ: ಒಂದೇ ಕತೆ, ಎರಡು ಅನುವಾದ. 1995-96ರಲ್ಲಿ ಅಮೆರಿಕದಲ್ಲಿ ಐದು ಭಾಗವಾಗಿ ಬಂದಿದ್ದು ‘ಅಡಾಲ್ಫ್’, ಯೂಜಿ ಒನಿಕಿ ಅನುವಾದ. 2012ರಲ್ಲಿ ವರ್ಟಿಕಲ್ ಎರಡು ದಪ್ಪ ಭಾಗದಲ್ಲಿ ತಂದಿದ್ದು ‘ಮೆಸೇಜ್ ಟು ಅಡಾಲ್ಫ್’, ಕುಮಾರ್ ಶಿವಸುಬ್ರಮಣಿಯನ್ ಅನುವಾದ. ಹೊಸದನ್ನೇ ಹುಡುಕಿ, ಹಳೆಯದು ಬಿಡಿಬಿಡಿಯಾಗಿ ಸಿಕ್ಕಿ ಮೂರನೇ ಭಾಗ ಇಲ್ಲದೆ ಒದ್ದಾಡಬೇಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಜಪಾನಿಯಲ್ಲಿ ‘ಅದೊರುಫು ನಿ ತ್ಸುಗು’. ಆ ‘ನಿ’ ಇದೆಯಲ್ಲ, ನಮ್ಮ ‘ಗೆ’, ‘ಇಗೆ’ ಇದ್ದ ಹಾಗೆ, ಹೆಸರಿನ ಹಿಂದೆ ಬಂದು ಕೂರುತ್ತದೆ. ‘ತ್ಸುಗು’ ಅಂದರೆ ತಿಳಿಸುವುದು. ‘ಅಡಾಲ್ಫನಿಗೆ ತಿಳಿಸುವುದೇನೆಂದರೆ’ ಅಂದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ, ತಾಲ್ಲೂಕು ಕಚೇರಿಯ ನೋಟಿಸಿನ ಧಾಟಿಯೂ ಬರುತ್ತದೆ. ಮೂವರು ಅಡಾಲ್ಫರ ಕತೆ ಇದು. ಒಬ್ಬ ಹಿಟ್ಲರ್. ಇನ್ನಿಬ್ಬರು ಜಪಾನಿನ ಕೋಬೆ ಊರಲ್ಲಿ ಬೆಳೆದ ಗೆಳೆಯರು, ಒಬ್ಬ ಯಹೂದಿ, ಇನ್ನೊಬ್ಬನ ಅಪ್ಪ ನಾಜಿ. ಯಾರಿಗೆ ತಿಳಿಸುವುದು ಅನ್ನುವುದೇ ಪ್ರಶ್ನೆ. ಬರೀ ‘ಅಡಾಲ್ಫ್’ ಅಂದಾಗ ಆ ಪ್ರಶ್ನೆಯೇ ಮಾಯ ಆಗಿತ್ತು.

ಪ್ರಶ್ನೆ: ಮೂಲದಲ್ಲಿ ‘ಆಟಂ’, ಇಂಗ್ಲಿಷಿನಲ್ಲಿ ‘ಆಸ್ಟ್ರೋ ಬಾಯ್’. ಯಾಕೆ ಬದಲಾಯಿಸಿದರು? (ಹಾಸನ)

ಉತ್ತರ: ಅದು ಟಿವಿಯವರ ಕೆಲಸ. ಮೂಲ ಹೆಸರು ‘ತೆತ್ಸುವಾನ್ ಅತೊಮು’, ಕಬ್ಬಿಣದ ತೋಳಿನ ಅಣು. ಜಪಾನಿನಲ್ಲಿ 1963ರ ಜನವರಿ 1ಕ್ಕೆ ಕಾರ್ಟೂನ್ ಶುರುವಾಯಿತು, ಅದೇ ವರ್ಷ ಅಮೆರಿಕದ ಟಿವಿಗೆ ಹೋಗುವಾಗ ಆಸ್ಟ್ರೋ ಬಾಯ್ ಆದ. ಟಿವಿಯಲ್ಲಿ ಪ್ರೊಫೆಸರ್ ಒಚನೊಮಿಝು ಕೂಡ ಡಾಕ್ಟರ್ ಎಲೆಫನ್ ಆದರು, ಅವರ ದಪ್ಪ ಮೂಗು ನೋಡಿ ಇಟ್ಟ ಹೆಸರು. ಒಚನೊಮಿಝು ಟೋಕಿಯೊದ ಒಂದು ಜಾಗದ ಹೆಸರು, ನಮ್ಮಲ್ಲಿ ಒಬ್ಬ ವಿಜ್ಞಾನಿಗೆ ಪ್ರೊಫೆಸರ್ ಬಸವನಗುಡಿ ಅಂದ ಹಾಗೆ. ಸುಮಾರು 40 ವರ್ಷದ ಮೇಲೆ ಡಾರ್ಕ್ ಹಾರ್ಸ್‌ಗೆ ಅನುವಾದ ಮಾಡಿದ ಫ್ರೆಡೆರಿಕ್ ಶಾಟ್ ಹುಡುಗನ ಹೆಸರನ್ನು ಆಸ್ಟ್ರೋ ಅಂತಲೇ ಬಿಟ್ಟು, ಒಚನೊಮಿಝು ಅವರನ್ನು ವಾಪಸ್ ತಂದರು. ಸರಿಯಾದ ಕೆಲಸ. ಜನರ ಬಾಯಲ್ಲಿ ಕೂತ ಹೆಸರನ್ನು ಕೀಳುವುದು ಕಷ್ಟ, ಹಾಗಂತ ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ.

ಪ್ರಶ್ನೆ: ‘ಫೀನಿಕ್ಸ್’ ಇಂಗ್ಲಿಷ್ ಹಳೇ ಪ್ರತಿಗಳಿಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅಷ್ಟು ಕೊಡಬಹುದಾ? (ಹುಬ್ಬಳ್ಳಿ)

ಉತ್ತರ: 12 ಭಾಗಕ್ಕೂ ಕೊಡಬೇಡಿ. ಒಂದೇ ಒಂದು ಕೊಳ್ಳುವ ಹಾಗಿದ್ದರೆ ನಾಲ್ಕನೆಯದು, ‘ಕರ್ಮ’. ಒಂದೇ ಕೈಯ, ಒಂದೇ ಕಣ್ಣಿನ ಕೊಲೆಗಾರ ಶಿಲ್ಪಿಯಾಗುವ ಕತೆ, ಜಪಾನಿನ ನಾರಾ ಊರಲ್ಲಿ ದೊಡ್ಡ ಬುದ್ಧನ ವಿಗ್ರಹ ಏಳುತ್ತಿದ್ದ ಕಾಲ. ಭಾಗಗಳು ಬಿಡಿಬಿಡಿ ಕತೆಗಳೇ. ಒಂದು ಬಹಳ ಹಿಂದಿನದು, ಮುಂದಿನದು ಬಹಳ ಮುಂದಿನ ಕಾಲದ್ದು, ಹೀಗೆ ಎರಡೂ ಕಡೆಯಿಂದ ನಮ್ಮ ಕಾಲಕ್ಕೆ ಹತ್ತಿರ ಬರುತ್ತಾ ಹೋಗಬೇಕು ಅನ್ನುವುದು ಲೆಕ್ಕ. ಮುಗಿಯುವ ಮೊದಲೇ ತೆಜುಕಾ ಹೋದರು. ಕೊಳ್ಳುವಾಗ ಭಾಗದ ನಂಬರ್ ಇರುವ ಫೋಟೊ ಕೇಳಿ. ನಾನು ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ನಾಲ್ಕು ಅಂತ ತರಿಸಿದರೆ ಒಳಗೆ ಒಂಬತ್ತು ಬಂದಿತ್ತು. ಕೇಳಿದ್ದಕ್ಕೆ ‘ಅದೂ ಚೆನ್ನಾಗಿದೆ ಸರ್’ ಅಂದರು.

ಈ ಪುಸ್ತಕ ಇಂಗ್ಲಿಷಿಗೆ ಬಂದ ಕತೆ ಕೇಳಿದರೆ ಬೆಲೆಯ ಸಿಟ್ಟು ಸ್ವಲ್ಪ ಇಳಿಯಬಹುದು. 1970ರ ದಶಕದ ಕೊನೆಗೆ ಟೋಕಿಯೊದಲ್ಲಿ ನಾಲ್ಕು ಜನ ಯುವಕರು ಸೇರಿ ದಾದಾಕಾಯ್ ಅಂತ ಒಂದು ಗುಂಪು ಕಟ್ಟಿಕೊಂಡಿದ್ದರು. ಇಬ್ಬರು ಅಮೆರಿಕದವರು, ಇಬ್ಬರು ಜಪಾನಿನವರು. ಆ ಅಮೆರಿಕದವರಲ್ಲಿ ಒಬ್ಬರು ಇದೇ ಶಾಟ್, ಇನ್ನೊಬ್ಬರು ಜ್ಯಾರೆಡ್ ಕುಕ್. ಹೊರಗಿನ ಯಾರಿಗೂ ಮಾಂಗಾ ಅಂದರೆ ಏನು ಅಂತಲೇ ಗೊತ್ತಿಲ್ಲದ ಕಾಲ. ನೇರ ತೆಜುಕಾ ಕಚೇರಿಗೇ ಹೋಗಿ ಅನುವಾದ ಮಾಡುತ್ತೇವೆ ಅಂದರು. ಅನುಮತಿಯೂ ಸಿಕ್ಕಿತು, ಐದು ಭಾಗ ಅನುವಾದವೂ ಮುಗಿಯಿತು. ಛಾಪಿಸುವವರು ಮಾತ್ರ ಯಾರೂ ಬರಲಿಲ್ಲ. 1983ರಲ್ಲಿ ಶಾಟ್ ಮಾಂಗಾ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕದಲ್ಲಿ ‘ಫೀನಿಕ್ಸ್’ನ ಒಂದು ತುಣುಕು ಬಂತು, ಅಷ್ಟೇ. ಉಳಿದಿದ್ದು ಸುಮಾರು 25 ವರ್ಷ ಹಾಗೇ ಬಿದ್ದಿತ್ತು. ಕೊನೆಗೆ ವಿಜ್ ಪ್ರಕಾಶನ 2002ರಲ್ಲಿ ಶುರುಮಾಡಿ 2008ರ ಹೊತ್ತಿಗೆ 12 ಭಾಗವನ್ನೂ ಮುಗಿಸಿತು. ಹುಡುಗರಾಗಿದ್ದಾಗ ಮಾಡಿದ ಅನುವಾದ ಪುಸ್ತಕವಾಗಿ ಕೈಗೆ ಬರುವಾಗ ಅನುವಾದಕರಿಗೆ ಐವತ್ತು ದಾಟಿತ್ತು, ಬರೆದವರು ತೀರಿಕೊಂಡು 13 ವರ್ಷ ಆಗಿತ್ತು.

ಪ್ರಶ್ನೆ: ನಾನು ಮೆಡಿಕಲ್ ಓದುತ್ತಿದ್ದೇನೆ. ಬ್ಲ್ಯಾಕ್ ಜ್ಯಾಕ್ ಮಾಡುವ ಆಪರೇಷನ್‌ಗಳಲ್ಲಿ ಎಷ್ಟು ನಿಜ? (ದಾವಣಗೆರೆ)

ಉತ್ತರ: ಚಿತ್ರ ನಿಜ, ಆಪರೇಷನ್ ಸುಳ್ಳು. ತೆಜುಕಾ ಒಸಾಕಾದಲ್ಲಿ ವೈದ್ಯಕೀಯ ಓದಿದವರು, 1961ರಲ್ಲಿ ನಾರಾದಲ್ಲಿ ಡಾಕ್ಟರೇಟ್ ಕೂಡ ತೆಗೆದುಕೊಂಡರು, ಬಸವನಹುಳುವಿನ ವೀರ್ಯಾಣುವಿನ ಮೇಲೆ! ಹಾಗಾಗಿ ಅಂಗಾಂಗಗಳ ಚಿತ್ರ ಬರೆಯುವುದು ಅವರಿಗೆ ಗೊತ್ತಿತ್ತು. ಆದರೆ ಅವರ ಡಾಕ್ಟ್ರು ಕತ್ತರಿಸಿ ಜೋಡಿಸುವುದನ್ನೆಲ್ಲ ಪರೀಕ್ಷೆಯಲ್ಲಿ ಬರೆಯಬೇಡಿ. ಇನ್ನೊಂದು ವಿಷಯ, 17 ಭಾಗದಲ್ಲಿ ಕತೆಗಳು ಪತ್ರಿಕೆಯಲ್ಲಿ ಬಂದ ಕ್ರಮದಲ್ಲಿಲ್ಲ. ಎಲ್ಲಿಂದ ಬೇಕಾದರೂ ಶುರುಮಾಡಿ.

ಪ್ರಶ್ನೆ: ಮಾಂಗಾ ಎಲ್ಲ ಪುಕ್ಕಟೆ ಪಿಡಿಎಫ್ ಸಿಗುತ್ತದಲ್ಲ, ಯಾಕೆ ಕೊಳ್ಳಬೇಕು? (ಊರು ಬರೆದಿಲ್ಲ)

ಉತ್ತರ: ಊರು ಬರೆಯದಿದ್ದಾಗಲೇ ಗೊತ್ತಾಯಿತು. ಮುಂದಿನ ಪ್ರಶ್ನೆ.

ಪ್ರಶ್ನೆ: ನಾನು ಜಪಾನಿ ಕಲಿಯುತ್ತಿದ್ದೇನೆ, ಮೂರನೇ ವರ್ಷ. ತೆಜುಕಾ ಒಂದು ಕತೆಯನ್ನು ಕನ್ನಡಕ್ಕೆ ಮಾಡಬೇಕು ಅಂತ ಆಸೆ. ಇಂಗ್ಲಿಷಿನಿಂದ ಮಾಡಿದರೆ ಬೇಗ ಆಗುತ್ತದೆ. ಮಾಡಬಹುದಾ? (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ನಿಮ್ಮ ನೋಟ್‌ಬುಕ್ಕಿನಲ್ಲಿ ಇವತ್ತೇ ಮಾಡಿ. ಛಾಪಿಸಬೇಕೆಂದರೆ ಮಾತ್ರ ತೆಜುಕಾ ಪ್ರೊಡಕ್ಷನ್ಸ್ ಅನುಮತಿ ಬೇಕು. ಲೇಖಕರು ತೀರಿಕೊಂಡಿದ್ದು 1989ರಲ್ಲಿ, ಭಾರತದ ಕಾನೂನಿನಲ್ಲಿ ಹಕ್ಕು 60 ವರ್ಷ ಅಂದರೆ 2049ರ ಕೊನೆಯ ತನಕ, ಜಪಾನಿನಲ್ಲಿ 70 ವರ್ಷ. ಅಷ್ಟು ಕಾಯುವುದಕ್ಕಾಗುವುದಿಲ್ಲ, ಕಾಗದ ಬರೆದು ಕೇಳಿ.

ಇಂಗ್ಲಿಷಿನಿಂದ ಮಾತ್ರ ಬೇಡ. ಒಂದು, ಆ ಅನುವಾದದ ಮೇಲೂ ಬೇರೆ ಹಕ್ಕಿದೆ. ಎರಡು, ಇಂಗ್ಲಿಷಿನಲ್ಲಿ ಕಳೆದುಹೋಗಿದ್ದು ಕನ್ನಡದಲ್ಲಿ ಸಲೀಸಾಗಿ ಸಿಗುತ್ತದೆ, ಸುತ್ತು ಹಾಕಿ ಹೋದರೆ ಅದು ನಿಮಗೆ ಕಾಣುವುದೇ ಇಲ್ಲ. ಮೇಲೆ ಹೇಳಿದ ‘ಬಿಕೋ’ ಒಂದು. ‘ಅಯಾಕೊ’ದಲ್ಲಿ ಮನೆಯವರು ಆಡುವುದು ಜಪಾನಿನ ಈಶಾನ್ಯದ ಹಳ್ಳಿ ಮಾತು, ಟೋಕಿಯೊದವರಿಗೆ ಅದು ಪರ ಊರಿನ ಮಾತು. ಅದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ಮನೆಯ ವಾಸನೆಯೇ ಹೋಗುತ್ತದೆ. ಹಾಗಂತ ಗುಲ್ಬರ್ಗದ ಮಾತು ಹಾಕಿದರೆ ಓದುಗರಿಗೆ ಗುಲ್ಬರ್ಗವೇ ಕಾಣುತ್ತದೆ, ಜಪಾನ್ ಕಾಣುವುದಿಲ್ಲ. ನಾನಾದರೆ ಯಾವ ಊರಿನದೂ ಅನ್ನಿಸದ ಒರಟು ಆಡುಮಾತು ಬಳಸಿ ನೋಡುತ್ತಿದ್ದೆ. ಪುಟ ಮಗುಚಬೇಕೋ ಬೇಡವೋ ಅನ್ನುವ ತಲೆನೋವೂ ನಿಮಗೇ ಬರುತ್ತದೆ, ನಾವೂ ಎಡದಿಂದ ಬಲಕ್ಕೇ ಓದುವವರು. ನನ್ನ ಓಟು ಮಗುಚದೇ ಇರುವುದಕ್ಕೆ, ಧಾರವಾಡದ ಅಜ್ಜಿಯನ್ನು ನೆನೆಸಿಕೊಂಡು.

ಮೊದಲ ಅಭ್ಯಾಸಕ್ಕೆ ಬ್ಲ್ಯಾಕ್ ಜ್ಯಾಕ್‌ನ ಪಿನೊಕೊ ತೆಗೆದುಕೊಳ್ಳಿ. ಅವಳದು ವಿಚಿತ್ರ ಕತೆ. ಅವಳಿ ಅಕ್ಕನ ಹೊಟ್ಟೆಯೊಳಗೆ ಗಡ್ಡೆಯಾಗಿ 18 ವರ್ಷ ಇದ್ದವಳನ್ನು ಡಾಕ್ಟ್ರು ತೆಗೆದು ಕೃತಕವಾಗಿ ಮಾಡಿದ ಮಗುವಿನ ಮೈಗೆ ಜೋಡಿಸುತ್ತಾನೆ. ಹಾಗಾಗಿ ಅವಳ ಲೆಕ್ಕದಲ್ಲಿ ಅವಳು 18ರ ಹೆಂಗಸು, ಡಾಕ್ಟ್ರ ಹೆಂಡತಿ. ಮಾತು ಮಾತ್ರ ಮೂರು ವರ್ಷದ ಮಗುವಿನ ತೊದಲು. ‘ಸೆನ್ಸೇ’ ಅನ್ನಲು ಬರದೆ ‘ಚೆಂಚೇ’ ಅನ್ನುತ್ತಾಳೆ. ಜಪಾನಿಯಲ್ಲಿ ಮೇಷ್ಟ್ರಿಗೂ, ಡಾಕ್ಟ್ರಿಗೂ, ಲೇಖಕರಿಗೂ ಸೆನ್ಸೇ ಒಂದೇ. ಗಾಬರಿಯಾದರೆ ‘ಅಚ್ಚೋನ್‌ಬುರಿಕೆ!’ ಅಂತ ಕೂಗುತ್ತಾಳೆ, ಅದಕ್ಕೆ ಯಾವ ಭಾಷೆಯಲ್ಲೂ ಅರ್ಥ ಇಲ್ಲ. ‘ಅಯ್ಯಯ್ಯೋ’ ಹಾಕಿದರೆ ಸಪ್ಪೆ. ಒಂದು ವಾರ ತಲೆ ಕೆರೆದುಕೊಂಡ ಮೇಲೆ ‘ಚೆಂಚೇ’ಗೆ ನನ್ನ ಕೈಲಾಗಿದ್ದು ‘ದಾತ್ತಲೇ’. ಅಚ್ಚೋನ್‌ಬುರಿಕೆಗೆ ಇನ್ನೂ ಏನೂ ಹೊಳೆದಿಲ್ಲ. ನಿಮಗೆ ಹೊಳೆದರೆ ಒಂದು ಕಾರ್ಡಿನಲ್ಲಿ ಬರೆದು ಹಾಕಿ.